ಕಮೋಡೋರ್ 64ರ ಸೀರಿಯಲ್ ವೇಗ ಹೆಚ್ಚಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದ ಮೇಲಿದ್ದ ಕಮೋಡೋರ್ 64 ಎಂಬ ಎಂಬತ್ತರ ದಶಕದ ಮನೆ ಕಂಪ್ಯೂಟರನ್ನು ಕೆಳಗಿಳಿಸಿ, ಧೂಳು ಒರೆಸಿ, ಟಿವಿಗೆ ಜೋಡಿಸಿದವರು ಮೊದಲು ಆಟ ಆಡುತ್ತಾರೆ. ಸ್ವಲ್ಪ ದಿನದಲ್ಲೇ ಅದನ್ನು ಬೇರೆ ಕಂಪ್ಯೂಟರ್ ಜೊತೆ ಮಾತಾಡಿಸುವ ಆಸೆ ಹುಟ್ಟುತ್ತದೆ. ಆಗ ಎದುರಾಗುವುದೇ ಸೀರಿಯಲ್ ಸಂಪರ್ಕದ, ಅಂದರೆ ಬಿಟ್‌ಗಳನ್ನು ಒಂದರ ಹಿಂದೆ ಒಂದು ಸಾಗಿಸುವ ತಂತಿಯ, ವೇಗದ ಸಮಸ್ಯೆ. ನನಗೆ ತುಂಬಾ ಸಲ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಹತ್ತಿರ ಇರುವುದು ಪಾಲ್ ಮಾದರಿಯ (ನಮ್ಮ ದೇಶದ ಟಿವಿ ಪದ್ಧತಿಗೆ ಹೊಂದುವ) ಮೆಷಿನ್. ಹಾಗಾಗಿ ಲೆಕ್ಕಗಳೆಲ್ಲ ಅದರ ವೇಗಕ್ಕೆ, ಅಂದರೆ ಸೆಕೆಂಡಿಗೆ 9,85,248 ಸೈಕಲ್‌ಗೆ ಹೊಂದುತ್ತವೆ. ಸೈಕಲ್ ಅಂದರೆ ಪ್ರೊಸೆಸರ್‌ನ ಗಡಿಯಾರದ ಒಂದು ಮಿಡಿತ.

ನನ್ನ ಮೆಷಿನ್ನಿನಲ್ಲಿ ಎರಡು ಸೀರಿಯಲ್ ಪೋರ್ಟ್ ಇವೆ ಅಂತಾರೆ. ನೀವು ಯಾವುದರ ಬಗ್ಗೆ ಹೇಳ್ತಿದ್ದೀರಿ?

ಎರಡರ ಬಗ್ಗೆಯೂ. ಹಿಂಬದಿಯಲ್ಲಿರುವ ಆರು ಪಿನ್ನಿನ ದುಂಡನೆಯ ಪೋರ್ಟ್ ಡಿಸ್ಕ್ ಡ್ರೈವ್ ಮತ್ತು ಪ್ರಿಂಟರ್‌ಗೆ. ಅದನ್ನು ಐಇಸಿ ಬಸ್ ಅನ್ನುತ್ತಾರೆ. ಅಗಲವಾಗಿ, ಬೋರ್ಡಿನ ಅಂಚೇ ಹೊರಗೆ ಕಾಣುವ ಹಾಗೆ ಇರುವುದು ಯೂಸರ್ ಪೋರ್ಟ್. ಮಾಡೆಮ್ ಜೋಡಿಸುವ ಆರ್‌ಎಸ್-232 ಸಂಪರ್ಕ ಅಲ್ಲಿಂದ ಬರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಆದರೆ ಡೌನ್‌ಲೋಡ್ ಮಾಡುವಾಗ ಎರಡೂ ಒಂದರ ಹಿಂದೆ ಒಂದು ಬರುತ್ತವೆ. ಒಂದನ್ನು ಮಾತ್ರ ಸರಿ ಮಾಡಿ ಇನ್ನೊಂದನ್ನು ಬಿಟ್ಟವರೇ ಜಾಸ್ತಿ ಬೇಸರ ಪಟ್ಟುಕೊಳ್ಳುವುದು.

ಏನೂ ಬದಲಾಯಿಸದೆ ಇಟ್ಟರೆ ಯೂಸರ್ ಪೋರ್ಟ್ ಎಷ್ಟು ವೇಗ ಹೋಗುತ್ತದೆ?

ರಾಮ್‌ನ (ROM, ಮೆಷಿನ್ ಒಳಗಿನ ಅಳಿಸಲಾಗದ ಮೆಮೊರಿ) ಪಟ್ಟಿಯಲ್ಲಿ 50 ಬಾಡ್‌ನಿಂದ 2400 ಬಾಡ್‌ವರೆಗೆ ಇದೆ. ಬಾಡ್ ಅಂದರೆ ಇಲ್ಲಿ ಸೆಕೆಂಡಿಗೆ ಇಷ್ಟು ಬಿಟ್ ಅಂತ. ಪಟ್ಟಿಯಲ್ಲಿ 6 ಅಂದರೆ 300, 8 ಅಂದರೆ 1200, 10 ಅಂದರೆ 2400. ಕೆಲಸದಲ್ಲಿ 300 ಚೆನ್ನಾಗಿ ಓಡುತ್ತದೆ, 1200 ಒಳ್ಳೆಯ ಟರ್ಮಿನಲ್ ಪ್ರೋಗ್ರಾಮ್ (ಬಂದ ಅಕ್ಷರ ಪರದೆಗೆ ತರುವ, ಒತ್ತಿದ ಅಕ್ಷರ ಆ ಕಡೆಗೆ ಕಳಿಸುವ ಪ್ರೋಗ್ರಾಮ್) ಇದ್ದರೆ ಓಡುತ್ತದೆ, 2400 ನಂಬಲಿಕ್ಕಾಗುವುದಿಲ್ಲ. ಸಾಧನ ಸಂಖ್ಯೆ 2, ಅಂದರೆ ಆರ್‌ಎಸ್-232, ತೆರೆದಾಗ ಬೇಸಿಕ್ ಭಾಷೆಯ ಮೆಮೊರಿಯ ತುದಿಯಲ್ಲಿ 256 ಬೈಟ್‌ನ ಎರಡು ಬಫರ್ (ಅಕ್ಷರ ತಾತ್ಕಾಲಿಕವಾಗಿ ಕೂಡಿಡುವ ಜಾಗ) ಕೂರುತ್ತವೆ. ಆ ಹೊತ್ತಿಗೆ ನಿಮ್ಮ ವೇರಿಯಬಲ್‌ಗಳೆಲ್ಲ ಅಳಿಸಿ ಹೋಗುತ್ತವೆ. ಆದ್ದರಿಂದ ಪೋರ್ಟ್ ತೆರೆಯುವ ಸಾಲು ಪ್ರೋಗ್ರಾಮ್‌ನ ಶುರುವಿನಲ್ಲೇ ಇರಲಿ.

ಒಂದು ಮೆಗಾಹರ್ಟ್ಸ್ ಪ್ರೊಸೆಸರ್ ಇದೆ. ಬರೀ 2400ಕ್ಕೇ ಯಾಕೆ ಇಷ್ಟು ಒದ್ದಾಟ?

ಇದು ಅರ್ಥವಾದರೆ ಉಳಿದಿದ್ದೆಲ್ಲ ಸುಲಭ.

ಸಾಮಾನ್ಯವಾಗಿ ಸೀರಿಯಲ್ ಕೆಲಸಕ್ಕೆ ಅಂತಲೇ ಒಂದು ಚಿಪ್ ಇರುತ್ತದೆ. ಬಿಟ್‌ಗಳನ್ನು ಒಂದೊಂದಾಗಿ ಎಣಿಸುವುದು ಅದರ ಕೆಲಸ. ಪೂರ್ತಿ ಬೈಟ್ ಆದ ಮೇಲೆ ಪ್ರೊಸೆಸರನ್ನು ಕರೆಯುತ್ತದೆ. ಕಮೋಡೋರ್ 64ರಲ್ಲಿ ಆ ಚಿಪ್ ಇಲ್ಲ. 6551 ಅನ್ನುವ ಸೀರಿಯಲ್ ಚಿಪ್ ಇದ್ದಿದ್ದರೆ ಹೇಗೆ ನಡೆಯುತ್ತಿತ್ತೋ, ಹಾಗೆಯೇ ನಡೆಯುವಂತೆ ರಾಮ್‌ನಲ್ಲಿರುವ ಕರ್ನಲ್ (ಮೆಷಿನ್ ನಡೆಸುವ ಮೂಲ ಪ್ರೋಗ್ರಾಮ್) ನಟಿಸುತ್ತದೆ. ಬರುವ ಒಂದೊಂದು ಬಿಟ್‌ಗೂ ಪ್ರೊಸೆಸರನ್ನು ಎಬ್ಬಿಸುತ್ತದೆ. ಸ್ಟಾರ್ಟ್ ಬಿಟ್, ಎಂಟು ಡೇಟಾ ಬಿಟ್, ಸ್ಟಾಪ್ ಬಿಟ್ ಸೇರಿ ಒಂದು ಅಕ್ಷರಕ್ಕೆ ಹತ್ತು ಸಲ ಎಬ್ಬಿಸಬೇಕು. ಕಳಿಸುವುದಕ್ಕೂ ಅಷ್ಟೇ. ಕಳಿಸಲು ಎರಡನೇ ಸಿಐಎ (ಪೋರ್ಟ್ ಮತ್ತು ಟೈಮರ್ ನೋಡಿಕೊಳ್ಳುವ 6526) ಚಿಪ್‌ನ ಟೈಮರ್ ಎ, ಪಡೆಯಲು ಅದೇ ಚಿಪ್‌ನ ಟೈಮರ್ ಬಿ.

ಈಗ ಲೆಕ್ಕ ಹಾಕಿ. 2400 ಬಾಡ್‌ನಲ್ಲಿ ಒಂದು ಬಿಟ್‌ಗೆ ಸಿಗುವುದು ಸುಮಾರು 410 ಸೈಕಲ್. ಒಂದೇ ಹೊತ್ತಿಗೆ ಕಳಿಸುತ್ತಾ ಪಡೆಯುತ್ತಾ ಇದ್ದರೆ ಒಂದು ಇಂಟರಪ್ಟ್‌ಗೆ (ಪ್ರೊಸೆಸರನ್ನು ಎಬ್ಬಿಸುವ ಒಂದು ಕರೆಗೆ) 205 ಸೈಕಲ್ ಉಳಿಯಿತು. ಕರ್ನಲ್ ಒಂದೊಂದು ಸಲಕ್ಕೂ ನೂರಕ್ಕಿಂತ ಜಾಸ್ತಿ ಸೈಕಲ್ ತಿನ್ನುತ್ತದೆ. ಉಳಿದ ಅಷ್ಟಿಷ್ಟರಲ್ಲಿ ಕೀಬೋರ್ಡ್ ನೋಡಬೇಕು, ಪರದೆ ಮೇಲೆ ಅಕ್ಷರ ಬರೆಯಬೇಕು.

ಅದರ ಮೇಲೆ ವಿಐಸಿ-2 ವಿಡಿಯೋ ಚಿಪ್ ಬೇರೆ. ಪರದೆಯ ಪ್ರತಿ ಅಕ್ಷರ ಸಾಲಿನ ಶುರುವಿನಲ್ಲಿ, ಅಂದರೆ ಎಂಟು ಗೆರೆಗೆ ಒಂದು ಸಲ, ಅದು ಪ್ರೊಸೆಸರನ್ನು ತಡೆದು 40ರಿಂದ 43 ಸೈಕಲ್ ತೆಗೆದುಕೊಳ್ಳುತ್ತದೆ. ಇಂಥ ಗೆರೆಗೆ ಬ್ಯಾಡ್ ಲೈನ್ ಅಂತ ಹೆಸರು. ಸ್ಪ್ರೈಟ್ (ಪರದೆ ಮೇಲೆ ಓಡಾಡುವ ಚಿಕ್ಕ ಚಿತ್ರ) ಹಾಕಿದ್ದರೆ ಇನ್ನೂ ಜಾಸ್ತಿ. 2400ರಲ್ಲಿ ಇದು ಬಿಟ್ ಕಾಲದ ಹತ್ತನೇ ಒಂದು ಭಾಗ, ಹೇಗೋ ಸಹಿಸಬಹುದು. ಆದರೆ 9600ರಲ್ಲಿ ಒಂದು ಬಿಟ್‌ಗೆ ಸಿಗುವುದೇ 102 ಸೈಕಲ್. ಅದರಲ್ಲಿ 43 ಹೋದರೆ ಮುಗಿಯಿತು. ಪರದೆ ಉರಿಯುತ್ತಿರುವಾಗ ಬಿಟ್ ಬಿಟ್‌ಗೂ ಪ್ರೊಸೆಸರನ್ನು ಎಬ್ಬಿಸುವ ದಾರಿಯಲ್ಲಿ 9600 ಆಗದು.

ಇನ್ನೊಂದು ತೊಡಕೂ ಇದೆ. ಇಂಟರಪ್ಟ್ ಯಾಕೆ ಬಂತು ಅಂತ ತಿಳಿಯಲು ಸಿಐಎ ಚಿಪ್‌ನ ಒಂದು ರಿಜಿಸ್ಟರ್ ಓದಬೇಕು. ಓದುವ ಕ್ಷಣಕ್ಕೂ ಟೈಮರ್ ಬಿ ಮುಗಿಯುವ ಕ್ಷಣಕ್ಕೂ ಒಂದೆರಡು ಸೈಕಲ್ ಅಂತರ ಮಾತ್ರ ಇದ್ದರೆ, ಆ ಟೈಮರ್‌ನ ಇಂಟರಪ್ಟ್ ಕಳೆದೇ ಹೋಗುತ್ತದೆ. ಇದು 6526 ಚಿಪ್‌ನ ಹುಟ್ಟುಗುಣ. ಅಕ್ಷರ ಕಳಿಸುತ್ತಾ ಪಡೆಯುತ್ತಾ ಇರುವಾಗ ಮಾತ್ರ ಆಗಾಗ ಕಸ ಬರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಯಾವ ತಂತಿಯನ್ನೂ ಮುಟ್ಟದೆ, ಸಾಫ್ಟ್‌ವೇರ್‌ನಿಂದಲೇ ಸರಿ ಮಾಡಬಹುದಾ?

2400ರವರೆಗೆ ಖಂಡಿತ ಮಾಡಬಹುದು. 1989ರಲ್ಲಿ ಜಾರ್ಜ್ ಹಗ್ ಎಂಬವರು ಟ್ರಾನ್ಸಾಕ್ಟರ್ ಪತ್ರಿಕೆಯಲ್ಲಿ ಕರ್ನಲ್‌ನ ಈ ತಪ್ಪುಗಳನ್ನೆಲ್ಲ ಬಿಡಿಸಿ ತೋರಿಸಿ, ಅದರ ಬದಲಿಗೆ ಬಳಸಬಹುದಾದ ಕೋಡ್ ಕೊಟ್ಟರು. ಚಿಕ್ಕ ಕೋಡ್, ಅಚ್ಚುಕಟ್ಟಾದ ಕೆಲಸ. 2400 ಬಾಡ್‌ನಲ್ಲಿ ಎರಡೂ ಕಡೆ ಒಟ್ಟಿಗೆ ಮಾತಾಡಲು ಸಾಧ್ಯವಾಗಿದ್ದು ಅದರಿಂದ. ನೀವು ಸಿಸಿಜಿಎಂಎಸ್ ಅಥವಾ ನೋವಾಟರ್ಮ್‌ನಂಥ ಟರ್ಮಿನಲ್ ಬಳಸಿದರೆ ಕರ್ನಲ್‌ನ ಹಳೆಯ ಕೋಡ್ ನೆಚ್ಚಿಕೊಳ್ಳಬೇಕಿಲ್ಲ. ಅವುಗಳೊಳಗೆ ಸ್ವಂತ ಡ್ರೈವರ್ (ಪೋರ್ಟ್ ನಡೆಸುವ ಕೋಡ್) ಇರುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಲಾಭ ಇದು. ಮೊದಲು ಇದನ್ನೇ ಮಾಡಿ.

ನಾನೇ ಬೇಸಿಕ್‌ನಲ್ಲಿ ಒಂದು ಟರ್ಮಿನಲ್ ಬರೆದಿದ್ದೇನೆ. ಅಕ್ಷರ ಬಿಟ್ಟು ಹೋಗ್ತಿವೆ.

ಬೇಸಿಕ್ ಪ್ರತಿ ಸಾಲನ್ನೂ ಪ್ರತಿ ಸಲವೂ ಓದಿ, ಅರ್ಥ ಮಾಡಿಕೊಂಡು ಓಡಿಸುತ್ತದೆ. 300 ಬಾಡ್‌ನಲ್ಲಿ ಸೆಕೆಂಡಿಗೆ 30 ಅಕ್ಷರ, ಅಲ್ಲಿಗೆ ಸರಿ. 1200ರಲ್ಲಿ ಸೆಕೆಂಡಿಗೆ 120 ಅಕ್ಷರ ಬರುವಾಗ 256 ಬೈಟ್‌ನ ಬಫರ್ ಬೇಗ ತುಂಬಿ ತುಳುಕುತ್ತದೆ. ಅಕ್ಷರ ಓದುವ ಸುತ್ತನ್ನು ಮಾತ್ರ ಮೆಷಿನ್ ಕೋಡ್‌ನಲ್ಲಿ ಬರೆಯಿರಿ, ಉಳಿದಿದ್ದು ಬೇಸಿಕ್‌ನಲ್ಲೇ ಇರಲಿ. ಬರೆದು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ ಅಂತ ನನ್ನ ಅನಿಸಿಕೆ.

ಪರದೆ ಆಫ್ ಮಾಡಿದರೆ ವೇಗ ಬರುತ್ತಾ?

ಬರುತ್ತದೆ. ಪೋಕ್ 53265, ಪೀಕ್(53265) ಆಂಡ್ 239 ಅಂತ ಹೊಡೆದರೆ ಪರದೆ ಖಾಲಿಯಾಗುತ್ತದೆ, ಬ್ಯಾಡ್ ಲೈನ್ ನಿಲ್ಲುತ್ತದೆ. ಆಂಡ್ 239 ಜಾಗದಲ್ಲಿ ಆರ್ 16 ಹಾಕಿದರೆ ಪರದೆ ವಾಪಸ್. ಓದುತ್ತಾ ಕೂತಿರುವಾಗ ಇದು ಉಪಯೋಗಕ್ಕೆ ಬರಲ್ಲ, ಫೈಲ್ ಇಳಿಸುವಾಗ ಬರುತ್ತದೆ.

ಯುಪಿ9600 ಅಂದರೆ ಏನು? ನಿಜವಾಗಿ 9600 ಸಿಗುತ್ತಾ?

ಸಿಗುತ್ತದೆ, ಮತ್ತು ಈ ಉಪಾಯ ನನಗೆ ತುಂಬಾ ಇಷ್ಟ. ಯೂಸರ್ ಪೋರ್ಟ್‌ನಿಂದಲೇ 9600 ಬಾಡ್ ತೆಗೆಯುವ ತಂತಿ ಮತ್ತು ಡ್ರೈವರ್‌ನ ಜೋಡಿ ಇದು, ಹೊಸ ಚಿಪ್ ಏನೂ ಬೇಡ. ಮೆಷಿನ್ ಒಳಗೆ ಮೊದಲಿನಿಂದಲೂ ಇದ್ದ, ಯಾರೂ ಸರಿಯಾಗಿ ಬಳಸದೆ ಬಿಟ್ಟಿದ್ದ ಭಾಗವನ್ನು ಕೆಲಸಕ್ಕೆ ಹಚ್ಚುತ್ತದೆ ಅಷ್ಟೇ. ಇದನ್ನು ಯೋಚಿಸಿ ಮಾಡಿದವರು ಡೇನಿಯಲ್ ಡಾಲ್‌ಮನ್.

ಕಮೋಡೋರ್ 64ರ ಎರಡೂ ಸಿಐಎ ಚಿಪ್‌ನಲ್ಲಿ ಒಂದೊಂದು ಶಿಫ್ಟ್ ರಿಜಿಸ್ಟರ್ ಇದೆ. ಎಂಟು ಬಿಟ್ ಒಂದೊಂದಾಗಿ ಒಳಗೆ ಸರಿದು ಬಂದ ಮೇಲೆ, ಬೈಟ್ ಸಿದ್ಧ ಅಂತ ಅದೇ ಹೇಳುತ್ತದೆ. ಯುಪಿ9600ರಲ್ಲಿ ಎರಡನೇ ಸಿಐಎ ಪಡೆಯುವ ಕೆಲಸ ಮಾಡುತ್ತದೆ, ಮೊದಲನೆಯದು ಕಳಿಸುವ ಕೆಲಸ. ಸ್ಟಾರ್ಟ್ ಬಿಟ್ ಬಂದ ಕೂಡಲೇ ಒಂದು ಇಂಟರಪ್ಟ್. ಆಗ ಟೈಮರ್ ಬಿ ಓಡಲು ಶುರುವಾಗಿ, ತನ್ನ ಮಿಡಿತವನ್ನು ಪಿಬಿ7 ಕಾಲಿನ (ಪಿನ್ನಿನ) ಮೂಲಕ ಹೊರಗೆ ಕೊಡುತ್ತದೆ. ಆ ಕಾಲನ್ನು ಹೊರಗಡೆಯಿಂದ ಸಿಎನ್‌ಟಿ2 ಕಾಲಿಗೆ ತಂತಿ ಹಾಕಿ ಸೇರಿಸಿರುತ್ತೇವೆ. ಅದೇ ಶಿಫ್ಟ್ ರಿಜಿಸ್ಟರ್‌ಗೆ ಗಡಿಯಾರ ಆಗುತ್ತದೆ. ಎಂಟು ಬಿಟ್ ಆದ ಮೇಲೆ ಇನ್ನೊಂದು ಇಂಟರಪ್ಟ್. ಹತ್ತು ಸಲ ಏಳಬೇಕಿದ್ದ ಪ್ರೊಸೆಸರ್ ಈಗ ಎರಡು ಸಲ ಎದ್ದರೆ ಸಾಕು. 9600ರಲ್ಲಿ ಒಂದು ಬೈಟ್‌ಗೆ 1026 ಸೈಕಲ್ ಇರುತ್ತದೆ, ಧಾರಾಳ ಆಯಿತು. ಮಧ್ಯೆ ಬ್ಯಾಡ್ ಲೈನ್ ಬಂದರೂ ಬಿಟ್ ಎಣಿಸುತ್ತಿರುವುದು ಚಿಪ್, ಪ್ರೊಸೆಸರ್ ಅಲ್ಲ. ಹಾಗಾಗಿ ಎಣಿಕೆ ತಪ್ಪುವುದಿಲ್ಲ.

ಒಂದು ಚಿಕ್ಕ ತಮಾಷೆಯ ವಿಷಯ ಇಲ್ಲಿದೆ. ಶಿಫ್ಟ್ ರಿಜಿಸ್ಟರ್ ದೊಡ್ಡ ಬಿಟ್‌ನಿಂದ ಶುರು ಮಾಡುತ್ತದೆ, ಆರ್‌ಎಸ್-232 ಚಿಕ್ಕ ಬಿಟ್‌ನಿಂದ. ಬೈಟ್ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿ ಬರುತ್ತದೆ. 256 ಬೈಟ್‌ನ ಒಂದು ಪಟ್ಟಿ ಇಟ್ಟುಕೊಂಡು ಡ್ರೈವರ್ ಅದನ್ನು ನೇರ ಮಾಡುತ್ತದೆ. ಕೀಬೋರ್ಡ್ ನೋಡಿಕೊಳ್ಳುತ್ತಿದ್ದ ಮೊದಲ ಸಿಐಎಯ ಟೈಮರ್ ಎ ಈಗ ಅಕ್ಷರ ಕಳಿಸಲು ಬೇಕು. ಆದ್ದರಿಂದ ಕೀಬೋರ್ಡ್ ಕೆಲಸ ಟೈಮರ್ ಬಿಗೆ ಹೋಗುತ್ತದೆ. ಈ ಬದಲಾವಣೆಗಳಿಂದಾಗಿ ಯುಪಿ9600 ಗೊತ್ತಿಲ್ಲದ ಟರ್ಮಿನಲ್‌ನಲ್ಲಿ ಬರೀ ತಂತಿ ಹಾಕಿದರೆ ಏನೂ ಆಗುವುದಿಲ್ಲ. ಡ್ರೈವರ್ ಇರಲೇಬೇಕು.

ತಂತಿ ಹೇಗೆ ಹಾಕಬೇಕು?

ಸಾಮಾನ್ಯ ಆರ್‌ಎಸ್-232ಗೆ ಯೂಸರ್ ಪೋರ್ಟ್‌ನ ಬಿ ಮತ್ತು ಸಿ ಪಿನ್ ಎರಡನ್ನೂ ಸೇರಿಸಿ ಪಡೆಯುವ ತಂತಿ, ಎಂ ಪಿನ್ ಕಳಿಸುವ ತಂತಿ. ಯುಪಿ9600ಗೆ ಮೂರು ಜೋಡಣೆ ಹೆಚ್ಚು: ಪಡೆಯುವ ತಂತಿಯನ್ನು 7ನೇ ಪಿನ್‌ಗೂ, ಕಳಿಸುವ ತಂತಿಯನ್ನು 5ನೇ ಪಿನ್‌ಗೂ ಸೇರಿಸಿ, ಎಲ್ ಪಿನ್‌ನಿಂದ 6ನೇ ಪಿನ್‌ಗೆ ಒಂದು ಚಿಕ್ಕ ತಂತಿ. ಫ್ಲೋ ಕಂಟ್ರೋಲ್‌ಗೆ ಆರ್‌ಟಿಎಸ್ ಡಿ ಪಿನ್‌ನಲ್ಲಿ, ಸಿಟಿಎಸ್ ಕೆ ಪಿನ್‌ನಲ್ಲಿ. ಇವೆರಡನ್ನು ಬಿಡಬೇಡಿ. ಡಿಸ್ಕ್ ಬರೆಯುವಾಗ "ಸ್ವಲ್ಪ ತಾಳು" ಅಂತ ಆ ಕಡೆಗೆ ಹೇಳುವುದು ಇವುಗಳಿಂದಲೇ.

ಎಚ್ಚರಿಕೆಯ ಮಾತು ಒಂದು. 10 ಮತ್ತು 11ನೇ ಪಿನ್‌ನಲ್ಲಿ 9 ವೋಲ್ಟ್ ಎಸಿ ಇರುತ್ತದೆ. ಸೋಲ್ಡರ್ ಹರಿದು ಪಕ್ಕದ ಪಿನ್‌ಗೆ ತಾಗಿದರೆ ಫ್ಯೂಸ್ ಹೋಗಬಹುದು, ಅದೃಷ್ಟ ಕೆಟ್ಟಿದ್ದರೆ ಸಿಐಎ ಚಿಪ್ಪೇ ಹೋಗಬಹುದು. ಮೆಷಿನ್ ಆನ್ ಇರುವಾಗ ಕನೆಕ್ಟರ್ ಹಾಕುವುದು, ತೆಗೆಯುವುದು ಬೇಡವೇ ಬೇಡ. ಸಿಕ್ಕಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ಪಕ್ಕಪಕ್ಕದ ಪಿನ್ ಎಲ್ಲವನ್ನೂ ನೋಡಿ. ಐದು ನಿಮಿಷದ ಕೆಲಸ. ಈ ಚಿಪ್‌ಗಳನ್ನು ಈಗ ಯಾರೂ ತಯಾರಿಸುತ್ತಿಲ್ಲ.

ನನ್ನ ಪಿಸಿಯ ಒಂಬತ್ತು ಪಿನ್ನಿನ ಪೋರ್ಟ್‌ಗೆ ನೇರ ಹಾಕಬಹುದಾ?

ಬೇಡ. ಯೂಸರ್ ಪೋರ್ಟ್ 0 ಮತ್ತು 5 ವೋಲ್ಟ್‌ನಲ್ಲಿ ಮಾತಾಡುತ್ತದೆ. ನಿಜವಾದ ಆರ್‌ಎಸ್-232 ಪೋರ್ಟ್ ಮೈನಸ್ 12 ವೋಲ್ಟ್‌ವರೆಗೂ ಹೋಗಬಹುದು. ಮಧ್ಯೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್232 ಚಿಪ್ ಇರಲೇಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೇಳಿದರೆ ಸುಲಭವಾಗಿ ಸಿಗುವ ಚಿಪ್ ಇದು, ಜೊತೆಗೆ 1 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ ನಾಲ್ಕು. 5 ವೋಲ್ಟ್ ಮಟ್ಟದ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಸಿಕ್ಕಿದರೆ ಮ್ಯಾಕ್ಸ್232 ಬೇಕಾಗುವುದಿಲ್ಲ.

ಸ್ವಿಫ್ಟ್‌ಲಿಂಕ್ ಕಾರ್ಟ್ರಿಜ್ ಯುಪಿ9600ಗಿಂತ ಒಳ್ಳೆಯದಾ?

ವೇಗ ಮಾತ್ರ ನೋಡಿದರೆ ಹೌದು. ಕರ್ನಲ್ ಯಾವ ಚಿಪ್ಪಿನ ನಟನೆ ಮಾಡುತ್ತಿತ್ತೋ ಆ 6551 ಚಿಪ್ಪನ್ನೇ ಕಾರ್ಟ್ರಿಜ್‌ನಲ್ಲಿ ತಂದು ಕೂರಿಸಿದ್ದಾರೆ. ಆ ಚಿಪ್‌ಗೆ ಸಾಮಾನ್ಯವಾಗಿ 1.8432 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕುತ್ತಾರೆ, ಆಗ ಗರಿಷ್ಠ 19,200 ಬಾಡ್. ಸ್ವಿಫ್ಟ್‌ಲಿಂಕ್‌ನಲ್ಲಿ ಅದರ ಎರಡರಷ್ಟು, 3.6864 ಮೆಗಾಹರ್ಟ್ಸ್. ಹಾಗಾಗಿ 38,400. ಪಟ್ಟಿಯಲ್ಲಿನ ಎಲ್ಲ ವೇಗವೂ ಇಮ್ಮಡಿ ಆಗುತ್ತದೆ ಅನ್ನುವುದು ನೆನಪಿರಲಿ. ಸ್ವಂತ ಪ್ರೋಗ್ರಾಮ್ ಬರೆಯುವವರು 9600 ಬೇಕಾದರೆ 4800ರ ಸಂಖ್ಯೆ ಹಾಕಬೇಕು. ಸಾಮಾನ್ಯ ವಿಳಾಸ 56832. ಆಮೇಲೆ ಕ್ರಿಯೇಟಿವ್ ಮೈಕ್ರೋ ಡಿಸೈನ್ಸ್‌ನವರು ತಂದ ಟರ್ಬೋ232 ಕಾರ್ಟ್ರಿಜ್ 2,30,400ರವರೆಗೂ ಹೋಗುತ್ತಿತ್ತು.

ಆದರೆ 38,400ರಲ್ಲಿ ಒಂದು ಬೈಟ್‌ಗೆ ಸಿಗುವುದು 256 ಸೈಕಲ್. 6551 ತನ್ನೊಳಗೆ ಒಂದೇ ಒಂದು ಬೈಟ್ ಇಟ್ಟುಕೊಳ್ಳಬಲ್ಲದು. ಅಷ್ಟರಲ್ಲಿ ಬಂದು ತೆಗೆದುಕೊಳ್ಳದಿದ್ದರೆ ಮುಂದಿನದು ಅದರ ಮೇಲೆ ಕೂರುತ್ತದೆ. ಆದ್ದರಿಂದ ಆರ್‌ಟಿಎಸ್, ಸಿಟಿಎಸ್ ಇಲ್ಲದೆ ಈ ವೇಗ ಬಳಸಬೇಡಿ.

6551 ಚಿಪ್ ಹೊಸದು ಕೊಳ್ಳಬಹುದಾ, ಹಳೆಯದೇ ಹುಡುಕಬೇಕಾ?

ಈಗ ಹೊಸದಾಗಿ ಸಿಗುವ ಡಬ್ಲ್ಯು65ಸಿ51ಎನ್ ಚಿಪ್‌ನಲ್ಲಿ ಒಂದು ದೋಷ ಇದೆ. "ಕಳಿಸುವ ರಿಜಿಸ್ಟರ್ ಖಾಲಿ ಇದೆ" ಅನ್ನುವ ಬಿಟ್ ಯಾವಾಗಲೂ ಖಾಲಿ ಅಂತಲೇ ತೋರಿಸುತ್ತದೆ. ಹಳೆಯ ಟರ್ಮಿನಲ್‌ಗಳು ಅದನ್ನು ನಂಬಿ ಒಂದರ ಮೇಲೆ ಒಂದು ಬೈಟ್ ಸುರಿಯುತ್ತವೆ. ನೀವೇ ಕೋಡ್ ಬರೆಯುವುದಾದರೆ ಮಧ್ಯೆ ಕಾಯುವ ಲೂಪ್ ಹಾಕಿ ನಿಭಾಯಿಸಬಹುದು. ಇಲ್ಲದಿದ್ದರೆ ಹಳೆಯದೇ ಹುಡುಕಿ.

ವೈಫೈ ಮಾಡೆಮ್ ಹಾಕಿದ್ದೇನೆ. ಜೋಡಣೆ ಆಗಾಗ ಕಡಿದು ಹೋಗುತ್ತೆ. ವೇಗ ಜಾಸ್ತಿ ಆಯ್ತಾ?

ಬಹುಶಃ ವೇಗ ಅಲ್ಲ, ಕರೆಂಟು. ಯೂಸರ್ ಪೋರ್ಟ್‌ನ 5 ವೋಲ್ಟ್ ಪಿನ್‌ನಿಂದ 100 ಮಿಲಿಆಂಪ್ ಮಾತ್ರ ತೆಗೆಯಬಹುದು. ಇಂಥ ಮಾಡೆಮ್‌ನಲ್ಲಿ ಸಾಮಾನ್ಯವಾಗಿ ಇರುವ ಇಎಸ್‌ಪಿ8266 ಚಿಪ್ ವೈಫೈ ಕಳಿಸುವ ಕ್ಷಣದಲ್ಲಿ 300 ಮಿಲಿಆಂಪ್ ಆಸುಪಾಸು ಎಳೆಯಬಹುದು. ಆ ಕ್ಷಣಕ್ಕೆ ವೋಲ್ಟೇಜ್ ಕುಸಿದು ಮಾಡೆಮ್ ರೀಸೆಟ್ ಆಗುತ್ತದೆ. ನಾನು ತರಿಸಿದ ಒಂದು ಮಾಡೆಮ್‌ನಲ್ಲಿ ಇದೇ ಆಗುತ್ತಿತ್ತು. ಬಾಡ್ ಇಳಿಸುತ್ತಾ ಇಳಿಸುತ್ತಾ 300ಕ್ಕೆ ಬಂದರೂ ಕಡಿಯುವುದು ನಿಲ್ಲಲಿಲ್ಲ. ಒಂದು 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸೇರಿಸಿದ ಮೇಲೆ 9600ರಲ್ಲೂ ಗಟ್ಟಿಯಾಗಿ ನಿಂತಿತು. ಇನ್ನೂ ಒಳ್ಳೆಯದು ಅಂದರೆ ಮಾಡೆಮ್‌ಗೆ ಬೇರೆ ಮೊಬೈಲ್ ಚಾರ್ಜರ್‌ನಿಂದ ಕರೆಂಟು ಕೊಟ್ಟು, ಗ್ರೌಂಡ್ ಮಾತ್ರ ಒಂದು ಮಾಡುವುದು. ಇಎಸ್‌ಪಿ8266 3.3 ವೋಲ್ಟ್‌ನ ಚಿಪ್, ಮಧ್ಯೆ ಲೆವೆಲ್ ಕನ್ವರ್ಟರ್ ಇದೆಯಾ ಅಂತಲೂ ನೋಡಿ.

ಇದೇ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಕಮೋಡೋರ್ ಜೊತೆ ಬಂದ ಹಳೆಯ ಪವರ್ ಇಟ್ಟಿಗೆಯನ್ನು ಅಳತೆ ಮಾಡದೆ ಬಳಸಬೇಡಿ. ಒಳಗಿನ 5 ವೋಲ್ಟ್ ರೆಗ್ಯುಲೇಟರ್ ಕೆಟ್ಟಾಗ ವೋಲ್ಟೇಜ್ ಮೇಲೆ ಹೋಗಿ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಹೊಸದಾಗಿ ಮಾಡಿದ ಪವರ್ ಸಪ್ಲೈ ಸಿಗುತ್ತವೆ. ವೇಗಕ್ಕೆ ಖರ್ಚು ಮಾಡುವ ಮೊದಲು ಅದಕ್ಕೆ ಮಾಡಿ.

38,400ಕ್ಕೆ ಇಟ್ಟರೂ ಪರದೆ ಮೇಲೆ ಅಕ್ಷರ ನಿಧಾನವಾಗೇ ಬರುತ್ತೆ. ಯಾಕೆ?

ತಂತಿ ವೇಗವಾಗಿದೆ, ಪರದೆ ನಿಧಾನ. ಕರ್ನಲ್ ಒಂದು ಸಾಲು ಮೇಲೆ ಸರಿಸಬೇಕಾದರೆ 24 ಸಾಲಿನ ಅಕ್ಷರ, 24 ಸಾಲಿನ ಬಣ್ಣ ಎಲ್ಲವನ್ನೂ ಒಂದೊಂದಾಗಿ ನಕಲು ಮಾಡುತ್ತದೆ. ಒಂದು ಸಲಕ್ಕೆ 25,000ಕ್ಕೂ ಹೆಚ್ಚು ಸೈಕಲ್, ಅಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗ. 9600ರಲ್ಲಿ ಸೆಕೆಂಡಿಗೆ 40 ಅಕ್ಷರದ 24 ಸಾಲು ಬರುತ್ತವೆ. ಅಷ್ಟನ್ನು ಸರಿಸಲಿಕ್ಕೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಅದರ ಆಚೆಗೆ ಬಾಡ್ ಎಷ್ಟು ಏರಿಸಿದರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಓದುವುದಕ್ಕೆ 2400 ಸಾಕು, 9600 ಸುಖ. 38,400 ಬೇಕಾಗುವುದು ಫೈಲ್ ಇಳಿಸುವವರಿಗೆ.

ಫೈಲ್ ಇಳಿಸುವಾಗ 9600ರಲ್ಲೂ ಲೆಕ್ಕದಷ್ಟು ವೇಗ ಬರ್ತಿಲ್ಲ.

ನೀವು ಕರ್ನಾಟಕದಲ್ಲಿ ಕೂತು ಅಮೆರಿಕದ ಬಿಬಿಎಸ್‌ಗೆ (ಕರೆ ಮಾಡಿ ಸಂದೇಶ, ಫೈಲ್ ಪಡೆಯುವ ಕಂಪ್ಯೂಟರ್‌ಗೆ) ವೈಫೈ ಮಾಡೆಮ್‌ನಿಂದ ಕರೆ ಮಾಡಿದ್ದರೆ ಕಾರಣ ದೂರ. ಇಲ್ಲಿಂದ ಅಲ್ಲಿಗೆ ಹೋಗಿ ವಾಪಸ್ ಬರಲು ಒಂದು ಸಂದೇಶಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಎಕ್ಸ್‌ಮೋಡೆಮ್ ಎಂಬ ಫೈಲ್ ಸಾಗಿಸುವ ಪದ್ಧತಿ 128 ಬೈಟ್ ಕಳಿಸುತ್ತದೆ, "ಬಂತು" ಅನ್ನುವ ಉತ್ತರಕ್ಕೆ ಕಾಯುತ್ತದೆ, ಆಮೇಲೆ ಮುಂದಿನ 128.

40 ಕಿಲೋಬೈಟ್‌ನ ಫೈಲ್ ಅಂದರೆ ಇಂಥ 320 ತುಂಡು. ಒಂದೊಂದು ತುಂಡಿಗೂ ತಲೆಬರಹ, ಚೆಕ್‌ಸಮ್ ಸೇರಿ 132 ಬೈಟ್. 9600ರಲ್ಲಿ ಅದು 0.14 ಸೆಕೆಂಡು, ಕಾಯುವುದು 0.25 ಸೆಕೆಂಡು. ಒಟ್ಟು ಎರಡು ನಿಮಿಷ ದಾಟುತ್ತದೆ. ಅದರಲ್ಲಿ ಸುಮಾರು 80 ಸೆಕೆಂಡು ಬರೀ ಕಾಯುವುದರಲ್ಲೇ ಹೋಗುತ್ತದೆ. ಅದೇ ಫೈಲನ್ನು ವೈಮೋಡೆಮ್‌ನಲ್ಲಿ 1024 ಬೈಟ್‌ನ 40 ತುಂಡು ಮಾಡಿ ಕಳಿಸಿದರೆ 53 ಸೆಕೆಂಡಿನ ಆಸುಪಾಸಿಗೆ ಮುಗಿಯುತ್ತದೆ. ಬಾಡ್ ಬದಲಾಯಿಸಲಿಲ್ಲ, ತಂತಿ ಮುಟ್ಟಲಿಲ್ಲ, ಕೆಲಸ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಆಯಿತು. ಕಮೋಡೋರ್ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪಂಟರ್ ಪ್ರೋಟೋಕಾಲ್‌ನ ತುಂಡು 255 ಬೈಟ್‌ವರೆಗೆ ಇರಬಹುದು. ಚಿಕ್ಕದಕ್ಕೆ ಇಟ್ಟಿದ್ದರೆ ಸೆಟ್ಟಿಂಗ್‌ನಲ್ಲಿ 255ಕ್ಕೆ ಏರಿಸಿ. ಊರಿನ ಫೋನ್ ಲೈನ್‌ನಲ್ಲಿ ಗದ್ದಲ ಇದ್ದ ಕಾಲಕ್ಕೆ ಚಿಕ್ಕ ತುಂಡು ಒಳ್ಳೆಯದಿತ್ತು. ವೈಫೈಗೆ ಅದು ಬೇಡ.

ಅಷ್ಟೆಲ್ಲ ಮಾಡಿದೆ. ಆದರೂ ಡೌನ್‌ಲೋಡ್ ಮಧ್ಯೆ ಮಧ್ಯೆ ನಿಂತು ನಿಂತು ಹೋಗುತ್ತೆ.

ಡಿಸ್ಕ್ ನೋಡಿ. 1541 ಡ್ರೈವ್ ಸೆಕೆಂಡಿಗೆ 400 ಬೈಟ್ ಆಸುಪಾಸು ಸಾಗಿಸುತ್ತದೆ. 9600 ಬಾಡ್ ಅಂದರೆ ಸೆಕೆಂಡಿಗೆ 960 ಬೈಟ್. ಮಾಡೆಮ್ ತಂದು ಸುರಿಯುವುದರ ಅರ್ಧದಷ್ಟನ್ನೂ ಡ್ರೈವ್ ಎತ್ತಿಡಲಾರದು. ಮೇಲಾಗಿ ಐಇಸಿ ಬಸ್ ಮಾತಾಡುವಾಗ ಕರ್ನಲ್ ಯೂಸರ್ ಪೋರ್ಟ್‌ನ ಇಂಟರಪ್ಟ್‌ಗಳನ್ನು ನಿಲ್ಲಿಸಿಬಿಡುತ್ತದೆ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಇಲ್ಲಿಂದ ಆಚೆ ವೇಗ ಬೇಕಾದರೆ ಡಿಸ್ಕ್ ಕಡೆಗೇ ಹೋಗಬೇಕು. 1750ರಂಥ 512 ಕಿಲೋಬೈಟ್ ಮೆಮೊರಿ ವಿಸ್ತರಣೆ ಇದ್ದು, ಟರ್ಮಿನಲ್ ಅದನ್ನು ಬಳಸಬಲ್ಲದಾದರೆ, ಮೊದಲು ಪೂರ್ತಿ ಫೈಲ್ ಅಲ್ಲಿಗೆ ಇಳಿಸಿ ಆಮೇಲೆ ಡಿಸ್ಕ್‌ಗೆ ಬರೆಯುವುದೂ ಒಂದು ದಾರಿ.

1541 ಯಾಕೆ ಇಷ್ಟು ನಿಧಾನ? ಅದರೊಳಗೂ ಒಂದು ಪ್ರೊಸೆಸರ್ ಇದೆಯಲ್ಲ?

ಇದೆ. 6502 ಪ್ರೊಸೆಸರ್, 2 ಕಿಲೋಬೈಟ್ ಮೆಮೊರಿ, ಎರಡು 6522 ಚಿಪ್. ಅದೇ ಒಂದು ಚಿಕ್ಕ ಕಂಪ್ಯೂಟರ್. ನಿಧಾನಕ್ಕೆ ಕಾರಣ ಹಿಂದಿನ ಮೆಷಿನ್ನಿನಿಂದ ಬಂದಿದ್ದು.

ಆ ಹಿಂದಿನ ಮೆಷಿನ್ ಆದ ವಿಐಸಿ-20 ಮಾಡುವಾಗ ಐಇಸಿ ಬಸ್ಸನ್ನು 6522ರ ಶಿಫ್ಟ್ ರಿಜಿಸ್ಟರ್ ಮೇಲೆ ಓಡಿಸುವ ಯೋಚನೆ ಇತ್ತು. ಆದರೆ ಹೊರಗಿನ ಗಡಿಯಾರದಿಂದ ಬಿಟ್ ಸರಿಸುವಾಗ ಆ ಚಿಪ್ ಒಮ್ಮೊಮ್ಮೆ ಬಿಟ್ ಕಳೆದುಬಿಡುತ್ತಿತ್ತು. ಹಾಗಾಗಿ ಆ ಕೆಲಸ ಸಾಫ್ಟ್‌ವೇರ್ ಪಾಲಿಗೆ ಬಂತು. 1982ರಲ್ಲಿ ಬಂದ ಕಮೋಡೋರ್ 64ರ ಸಿಐಎ ಚಿಪ್‌ನಲ್ಲಿ ಆ ದೋಷ ಇರಲಿಲ್ಲ. ಆದರೂ ಹಳೆಯ ಸಾಧನಗಳು ನಡೆಯಬೇಕು ಅಂತ ಅದೇ ನಿಧಾನದ ಪದ್ಧತಿ ಉಳಿಯಿತು. ಅಷ್ಟೇ ಅಲ್ಲ, ವಿಐಸಿ-20ರ 1540 ಡ್ರೈವ್ ಕಳಿಸುವ ವೇಗಕ್ಕೆ ಕಮೋಡೋರ್ 64 ತಾಳ ಹಾಕಲಾಗಲಿಲ್ಲ. ಅದೇ ಬ್ಯಾಡ್ ಲೈನ್ ಕಾರಣ. 1540 ಬಳಸಬೇಕಾದರೆ ಪರದೆ ಆಫ್ ಮಾಡಬೇಕಿತ್ತು. ಅದಕ್ಕೇ ಡ್ರೈವ್‌ನ ರಾಮ್ ಬದಲಾಯಿಸಿ, ಇನ್ನೂ ನಿಧಾನ ಮಾಡಿ, 1541 ಅಂತ ಬಿಟ್ಟರು. 1985ರಲ್ಲಿ ಕಮೋಡೋರ್ 128 ಮತ್ತು 1571 ಡ್ರೈವ್ ಬಂದಾಗ ಕೊನೆಗೂ ಶಿಫ್ಟ್ ರಿಜಿಸ್ಟರ್ ಬಳಸುವ ಬರ್ಸ್ಟ್ ಮೋಡ್ ಬಂತು. ಐಇಸಿ ಪೋರ್ಟ್‌ನಲ್ಲಿ ಬಹುಮಟ್ಟಿಗೆ ಸುಮ್ನೆ ಕೂತಿದ್ದ ಎಸ್‌ಆರ್‌ಕ್ಯು ತಂತಿಯನ್ನೇ ಗಡಿಯಾರ ಮಾಡಿಕೊಂಡರು. ಕಮೋಡೋರ್ 64 ಕಡೆ ಆ ಭಾಗ್ಯ ಬರಲಿಲ್ಲ.

ಡ್ರೈವ್ ಒಳಗೆ ಪ್ರೊಸೆಸರ್ ಇರುವುದೇ ನಮ್ಮ ಪುಣ್ಯ. ಅದಕ್ಕೆ ನಾವೇ ಹೊಸ ಕೋಡ್ ಕಳಿಸಿ ಓಡಿಸಬಹುದು. ಫಾಸ್ಟ್ ಲೋಡರ್‌ಗಳೆಲ್ಲ ಮಾಡುವುದು ಇದನ್ನೇ. ಮೂಲ ಪದ್ಧತಿಯಲ್ಲಿ ಒಂದು ತಂತಿ ಗಡಿಯಾರಕ್ಕೆ, ಒಂದು ತಂತಿ ಡೇಟಾಕ್ಕೆ. ಫಾಸ್ಟ್ ಲೋಡರ್‌ನಲ್ಲಿ ಎರಡೂ ಕಡೆ ಸೈಕಲ್ ಎಣಿಸಿಕೊಂಡು, ಎರಡೂ ತಂತಿಯಲ್ಲಿ ಡೇಟಾ ಕಳಿಸುತ್ತಾರೆ. ಒಂದು ಸಲಕ್ಕೆ ಎರಡು ಬಿಟ್, ನಾಲ್ಕು ಸಲಕ್ಕೆ ಒಂದು ಬೈಟ್.

ಕಾರ್ಟ್ರಿಜ್, ಜಿಫಿಡಾಸ್, ಪ್ಯಾರಲೆಲ್ ಕೇಬಲ್. ಯಾವುದು ತಗೊಳ್ಳಲಿ?

ಮೆಷಿನ್ ಬಿಚ್ಚಲು ಮನಸ್ಸಿಲ್ಲದವರಿಗೆ ಕಾರ್ಟ್ರಿಜ್. ಎಪಿಕ್ಸ್ ಫಾಸ್ಟ್‌ಲೋಡ್ ಸುಮಾರು ಐದು ಪಟ್ಟು ವೇಗ ಕೊಡುತ್ತದೆ, ಫೈನಲ್ ಕಾರ್ಟ್ರಿಜ್ 3 ಮತ್ತು ಆಕ್ಷನ್ ರಿಪ್ಲೇ ಕೂಡ ಚೆನ್ನಾಗಿವೆ. ಆದರೆ ಸ್ವಿಫ್ಟ್‌ಲಿಂಕ್‌ಗೂ ಅದೇ ಕಾರ್ಟ್ರಿಜ್ ಪೋರ್ಟ್ ಬೇಕು ಅನ್ನುವುದನ್ನು ಮರೆಯಬೇಡಿ.

ಟರ್ಮಿನಲ್ ಬಳಸುವವರಿಗೆ ನನ್ನ ಸಲಹೆ ಜಿಫಿಡಾಸ್. ಕಂಪ್ಯೂಟರ್‌ನ ಕರ್ನಲ್ ರಾಮ್, ಡ್ರೈವ್‌ನ ರಾಮ್ ಎರಡನ್ನೂ ಬದಲಾಯಿಸಬೇಕು. ಓದುವುದು ಹತ್ತು ಪಟ್ಟಿನ ಆಸುಪಾಸು ವೇಗ ಆಗುತ್ತದೆ, ಬರೆಯುವುದೂ ಸುಧಾರಿಸುತ್ತದೆ. ಯಾವ ಪೋರ್ಟ್ ಕೂಡ ಖರ್ಚಾಗುವುದಿಲ್ಲ. ಕಳೆದುಕೊಳ್ಳುವುದು ಕ್ಯಾಸೆಟ್ ಮಾತ್ರ. ಟೇಪ್ ಕೋಡ್ ಇದ್ದ ಜಾಗವನ್ನೇ ಜಿಫಿಡಾಸ್ ಬಳಸಿಕೊಂಡಿದೆ. ಹಳೆಯ ಬೋರ್ಡ್‌ನ ಕರ್ನಲ್ 24 ಪಿನ್ನಿನ ಚಿಪ್. ಹೊಸ ಕೋಡ್ ತುಂಬುವ 2764 ಈಪ್ರಾಮ್ ಚಿಪ್‌ಗೆ 28 ಪಿನ್, ಮಧ್ಯೆ ಅಡಾಪ್ಟರ್ ಬೇಕು. ಕೆಲವು ಬೋರ್ಡ್‌ಗಳಲ್ಲಿ ಚಿಪ್ ಸಾಕೆಟ್‌ನಲ್ಲಿ ಇರುವುದಿಲ್ಲ, ನೇರ ಸೋಲ್ಡರ್ ಮಾಡಿರುತ್ತಾರೆ. ಸೋಲ್ಡರಿಂಗ್ ಕೈ ಪಳಗಿರದಿದ್ದರೆ ತಿಳಿದವರಿಂದ ಮಾಡಿಸಿ.

ಡಾಲ್ಫಿನ್‌ಡಾಸ್, ಸ್ಪೀಡ್‌ಡಾಸ್ ಇನ್ನೂ ವೇಗ. ಡ್ರೈವ್‌ನಿಂದ ಎಂಟು ತಂತಿ ಎಳೆದು ಒಂದೇ ಸಲಕ್ಕೆ ಒಂದು ಬೈಟ್ ಕಳಿಸುತ್ತವೆ. ಆದರೆ ಆ ಎಂಟು ತಂತಿ ಬಂದು ಸೇರುವುದು ಯೂಸರ್ ಪೋರ್ಟ್‌ಗೆ. ಅಲ್ಲಿ ನಿಮ್ಮ ಮಾಡೆಮ್ ಕೂತಿದೆ, ಅಲ್ವಾ?

ಎಸ್‌ಡಿ ಕಾರ್ಡ್ ಹಾಕುವ ಎಸ್‌ಡಿ2ಐಇಸಿ ತಂದರೆ ಇದೆಲ್ಲ ಬೇಕಾ?

ಬೇಕು. ಎಸ್‌ಡಿ ಕಾರ್ಡ್ ಎಷ್ಟೇ ವೇಗ ಇರಲಿ, ಬಸ್ ಹಳೆಯದೇ. ಕಂಪ್ಯೂಟರ್ ಕಡೆ ಜಿಫಿಡಾಸ್ ಹಾಕಿದರೆ ಎಸ್‌ಡಿ2ಐಇಸಿ ಅದರ ಭಾಷೆಯಲ್ಲೇ ಮಾತಾಡುತ್ತದೆ, ಡ್ರೈವ್‌ನ ರಾಮ್ ಬದಲಾಯಿಸುವ ಕೆಲಸ ತಪ್ಪುತ್ತದೆ. ಆದರೆ ಅದರೊಳಗೆ 6502 ಇಲ್ಲ. ಡ್ರೈವ್‌ಗೆ ತಮ್ಮದೇ ಕೋಡ್ ಕಳಿಸುವ ಎಷ್ಟೋ ಆಟಗಳು ಅದರಲ್ಲಿ ಓಡುವುದಿಲ್ಲ. ಅವು ಬೇಕಾದರೆ ಪೂರ್ತಿ ಡ್ರೈವನ್ನೇ ಅನುಕರಿಸುವ ಪೈ1541 ನೋಡಿ.

ಅಮೆರಿಕದಿಂದ ತಂದ ಮೆಷಿನ್‌ಗೂ ನಮ್ಮ ಪಾಲ್ ಮೆಷಿನ್‌ಗೂ ವ್ಯತ್ಯಾಸ ಬರುತ್ತಾ?

ಬರುತ್ತದೆ. ಎನ್‌ಟಿಎಸ್‌ಸಿ ಮೆಷಿನ್ ಸೆಕೆಂಡಿಗೆ 10,22,727 ಸೈಕಲ್ ಓಡುತ್ತದೆ, ಸುಮಾರು ಶೇಕಡಾ 4 ಜಾಸ್ತಿ. ಒಂದಕ್ಕೆ ಬರೆದ ಟೈಮರ್ ಸಂಖ್ಯೆ ಇನ್ನೊಂದಕ್ಕೆ ಹಾಕಿದರೆ ಹತ್ತನೇ ಬಿಟ್‌ಗೆ ಬರುವಷ್ಟರಲ್ಲಿ ಅರ್ಧ ಬಿಟ್‌ನ ಹತ್ತಿರ ಜಾರಿರುತ್ತದೆ. ಅಕ್ಷರ ಒಮ್ಮೆ ಸರಿ, ಒಮ್ಮೆ ತಪ್ಪು ಬರುವುದು ಹೀಗೇ. ಪೀಕ್(678) ನೋಡಿ, 1 ಇದ್ದರೆ ಪಾಲ್, 0 ಇದ್ದರೆ ಎನ್‌ಟಿಎಸ್‌ಸಿ. ನಿಮ್ಮ ಟರ್ಮಿನಲ್ ಎರಡನ್ನೂ ಗುರುತಿಸುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ.

ಕಸ ಬರ್ತಿದೆ. ತಪ್ಪು ನನ್ನ ಕಡೆಯದಾ, ಮಾಡೆಮ್ ಕಡೆಯದಾ?

ಮಾಡೆಮ್ ತೆಗೆದು, ಕಳಿಸುವ ತಂತಿಯನ್ನು ಪಡೆಯುವ ತಂತಿಗೇ ಸೇರಿಸಿ. ಫ್ಲೋ ಕಂಟ್ರೋಲ್ ಇದ್ದರೆ ಡಿ ಪಿನ್ನನ್ನು ಕೆ ಪಿನ್‌ಗೆ ಸೇರಿಸಿ. ಈಗ ಟರ್ಮಿನಲ್‌ನಲ್ಲಿ ಏನು ಒತ್ತುತ್ತೀರೋ ಅದೇ ಪರದೆ ಮೇಲೆ ಬರಬೇಕು. ಬಂದರೆ ಸಿಐಎ ಚಿಪ್, ತಂತಿ, ಡ್ರೈವರ್ ಮೂರೂ ಸರಿ ಇವೆ. 300ರಲ್ಲಿ ಬಂದು 2400ರಲ್ಲಿ ಬರದಿದ್ದರೆ ಡ್ರೈವರ್ ಬದಲಾಯಿಸಿ. ಯಾವ ವೇಗದಲ್ಲೂ ಬರದಿದ್ದರೆ ತಂತಿ ನೋಡಿ, ಅದರಲ್ಲೂ ಬಿ ಮತ್ತು ಸಿ ಎರಡೂ ಸೇರಿವೆಯಾ ಅಂತ. ದೊಡ್ಡಕ್ಷರ ಮತ್ತು ಸಣ್ಣಕ್ಷರ ಅದಲು ಬದಲಾಗಿ ಕಾಣಿಸುತ್ತಿದ್ದರೆ ಅದು ದೋಷವೇ ಅಲ್ಲ. ಕಮೋಡೋರ್‌ನ ಸ್ವಂತ ಅಕ್ಷರ ಸಂಕೇತವಾದ ಪೆಟ್‌ಸ್ಕಿಗೂ ಬೇರೆ ಕಂಪ್ಯೂಟರ್‌ಗಳ ಆಸ್ಕಿಗೂ ಇರುವ ವ್ಯತ್ಯಾಸ. ಟರ್ಮಿನಲ್‌ನಲ್ಲಿ ಆಸ್ಕಿ ಆರಿಸಿ.

ನಮ್ಮ ಶಾಲೆಯಲ್ಲಿ ಬಿಬಿಸಿ ಮೈಕ್ರೋ ಇತ್ತು. ಅದಕ್ಕೂ ಇದೇ ತೊಂದರೆಯಾ?

ಇಲ್ಲ. 1984ರ ಹೊತ್ತಿಗೆ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದ ಆ ಮೆಷಿನ್ನಿನಲ್ಲಿ 6850 ಅನ್ನುವ ಸೀರಿಯಲ್ ಚಿಪ್ ಮೊದಲಿನಿಂದಲೇ ಇದೆ. ಪ್ರೊಸೆಸರ್ 2 ಮೆಗಾಹರ್ಟ್ಸ್, ವಿಡಿಯೋ ಅದರ ಸೈಕಲ್ ಕಿತ್ತುಕೊಳ್ಳುವುದಿಲ್ಲ. ನಕ್ಷತ್ರ ಚಿಹ್ನೆಯ ನಂತರ ಎಫ್‌ಎಕ್ಸ್ 7,7 ಅಂದರೆ ಪಡೆಯುವುದು 9600ಕ್ಕೆ, ಎಫ್‌ಎಕ್ಸ್ 8,7 ಅಂದರೆ ಕಳಿಸುವುದು 9600ಕ್ಕೆ. ಕೊನೆಯ 7ರ ಬದಲು 8 ಹಾಕಿದರೆ 19,200. ಅಲ್ಲಿ ಎಡವುವುದು ಕನೆಕ್ಟರ್‌ನಲ್ಲಿ. ಡಾಮಿನೋ ಆಟದ ಐದರ ಹಾಗೆ ಪಿನ್ ಇರುವ ಆ ಪ್ಲಗ್ ತಲೆಕೆಳಗಾಗಿಯೂ ಕೂರುತ್ತದೆ. ಏನೂ ಬರದಿದ್ದರೆ ಮೆಷಿನ್ ಆಫ್ ಮಾಡಿ, ಅದನ್ನು ತಿರುಗಿಸಿ ಹಾಕಿ ನೋಡಿ.